ಒಂದೇ ಬಣ್ಣದ ಮೂರು ಸೀರೆ

ಚನ್ನಬಸವಣ್ಣನ ಜೀಪನ್ನು ಚಿಕ್ಕತಾಯಿ ಎಷ್ಟೋ ಸಲ ತೊಳೆದಿದ್ದಳು. ಹೊಗೆಸೊಪ್ಪಿನ ಬೇಲುಗಳನ್ನು ತಲೆ ಮೇಲೆ ಹೊತ್ತು ಅದರ ಹಿಂಬದಿಗೆ ಹಾಕಿದ್ದಳು. ಸೀಟಿನ ಮೇಲೆ ಕೂತದ್ದು ಮಾತ್ರ ಅವತ್ತೇ ಮೊದಲು. ಕೂತ ಕೂಡಲೇ ಸೀಟು ಪುಸ್ ಅಂತ ಗಾಳಿ ಬಿಟ್ಟಿತು. ಪಕ್ಕದಲ್ಲಿದ್ದ ಅಕ್ಕ ಸುನಂದಮ್ಮ ಅವಳ ಮುಖ ನೋಡಿದಳು.

"ನಾನಲ್ಲ ಕಣಕ್ಕ," ಅಂದಳು ಚಿಕ್ಕತಾಯಿ.

ದೊಡ್ಡಕ್ಕ ಭದ್ರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಲ್ಲಿ ಶುರುವಾದ ನಗು ಹುಣಸೂರು ಸೇರುವವರೆಗೂ ನಿಲ್ಲಲಿಲ್ಲ.

ನಗುವುದಕ್ಕೆ ಬೇಕಾದಷ್ಟಿತ್ತು. ಮೂವರೂ ಒಂದೇ ಗಿಳಿಹಸಿರು ಬಣ್ಣದ, ಒಂದೇ ಅಂಚಿನ ಸೀರೆ ಉಟ್ಟಿದ್ದರು. ತಮ್ಮ ಚಲುವರಾಜು ಹಿಂದಿನ ದಿನ ತಂದುಕೊಟ್ಟದ್ದು. ಗಂಜಿ ಬಿಟ್ಟಿರಲಿಲ್ಲ. ಕೂತರೆ ಉಬ್ಬುತ್ತಿತ್ತು, ನಿಂತರೆ ಜಾರುತ್ತಿತ್ತು. ಭದ್ರಮ್ಮನ ದಪ್ಪಕ್ಕೆ ಅದು ಒಂದು ಸುತ್ತು ಬಂದು ಸುಸ್ತಾಗಿ ನಿಂತಿತ್ತು.

"ಮೂರು ಜನನೂವೆ ಇಸ್ಕೂಲ್ ಡ್ಯಾನ್ಸಿಗೆ ಒಂಟಂಗದೆ," ಅಂದಳು ಭದ್ರಮ್ಮ.

"ನೀನು ಎಡ್‌ಮಿಸ್ಸು," ಅಂದಳು ಸುನಂದಮ್ಮ.

ಮತ್ತೆ ನಗು. ಜೀಪು ಓಡಿಸುತ್ತಿದ್ದ ಚನ್ನಬಸವಣ್ಣ ಕನ್ನಡಿಯಲ್ಲಿ ನೋಡಿದ. ಅವನ ಪಕ್ಕ ಕೂತಿದ್ದ ಚಲುವರಾಜು ಹಿಂದೆ ತಿರುಗಿ ಹಲ್ಲು ಕಚ್ಚಿದ. "ಸುಮ್ಕಿರ್ರಕ್ಕ. ಬುದ್ಧಿಯವರು ಅವರೆ."

ಬುದ್ಧಿಯವರು ಅಂದರೆ ಚನ್ನಬಸವಣ್ಣ. ಮಾರನಕಟ್ಟೆಯಲ್ಲಿ ನಾಲ್ಕು ಬ್ಯಾರನ್ ಅವನವು. ಬ್ಯಾರನ್ ಅಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ. ಕೇರಿಯ ಹೆಂಗಸರೆಲ್ಲ ಅಲ್ಲೇ ದುಡಿಯುವುದು. ಅವನ ಮನೆಯ ಜಗಲಿಗೆ ಅವರು ಹತ್ತುವಂತಿಲ್ಲ. ನೀರು ಕೇಳಿದರೆ ಅವನ ಹೆಂಡತಿ ಮೇಲಿನಿಂದ ಸುರಿಯುತ್ತಾಳೆ, ಇವರು ಬೊಗಸೆ ಒಡ್ಡಬೇಕು. ಅಂಥವನು ಇವತ್ತು ಬೆಳಿಗ್ಗೆ ಜೀಪನ್ನು ಕೇರಿಯ ಒಳಗೇ ತಂದು ನಿಲ್ಲಿಸಿ, "ಹತ್ರವ್ವ, ಹತ್ತಿ, ಬಿಸಿಲಾಯ್ತದೆ," ಅಂದಿದ್ದ.

ಕೆಲಸ ಇದ್ದದ್ದು ಇಷ್ಟೇ. ಅಪ್ಪ ಕುಳ್ಳಯ್ಯ ಸತ್ತು ಎಂಟು ತಿಂಗಳಾಗಿತ್ತು. ಅವ್ವ ಮೊದಲೇ ಹೋಗಿದ್ದಳು. ಅಪ್ಪನ ಹೆಸರಿನಲ್ಲಿ ಎರಡು ಎಕರೆ ಇತ್ತು. ಸರ್ಕಾರ ಕೊಟ್ಟ ಜಮೀನು. ಅದನ್ನು ಪಡೆಯಲು ಕುಳ್ಳಯ್ಯ ತಾಲ್ಲೂಕು ಕಚೇರಿಗೆ ಒಂಬತ್ತು ವರ್ಷ ನಡೆದಿದ್ದ. ಈಗ ಅದು ಚಲುವರಾಜುವಿನ ಹೆಸರಿಗೆ ಆಗಬೇಕಿತ್ತು. ಅಕ್ಕಂದಿರು ನೋಂದಣಿ ಕಚೇರಿಯಲ್ಲಿ ಒಂದೊಂದು ಹೆಬ್ಬೆಟ್ಟು ಒತ್ತಿ ಬರಬೇಕಿತ್ತು.

"ಎಣ್ಣುಮಕ್ಳಿಗೆ ಅದ್ರಲ್ಲೇನೂ ಬರಾಕಿಲ್ಲ ಕಣಕ್ಕ," ಅಂದಿದ್ದ ಚಲುವರಾಜು. "ಬರೀ ಶಾಸ್ತ್ರ. ಗೌರ್ಮೆಂಟ್ನೋರು ಕೇಳ್ತಾರೆ ಅಂತ ಒಂದು ಗುರ್ತು ಒತ್ತಿಬುಡಿ."

ಮೂವರೂ ಒಪ್ಪಿದ್ದರು. ಬರುವುದಿಲ್ಲ ಅಂದಮೇಲೆ ಒಪ್ಪದೆ ಏನು. ಭದ್ರಮ್ಮ ಹ್ಯಾಂಡ್‌ಪೋಸ್ಟ್ ಅನ್ನುವ ಊರಿನ ಹತ್ತಿರದ ಹಳ್ಳಿಯಿಂದ ಬಂದಿದ್ದಳು. ಸುನಂದಮ್ಮ ಕೆ.ಆರ್. ನಗರದ ಕಡೆಯಿಂದ. ಚಿಕ್ಕತಾಯಿ ಇದ್ದದ್ದು ತಮ್ಮನ ಮನೆಯಲ್ಲೇ. ಅವಳ ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಹನ್ನೆರಡು ವರ್ಷವಾಗಿತ್ತು. ಆಗ ಉಟ್ಟ ಸೀರೆಯಲ್ಲಿ ಅಪ್ಪನ ಮನೆಗೆ ವಾಪಸು ಬಂದವಳು.

ಹನ್ನೆರಡು ವರ್ಷ ಆ ಎರಡು ಎಕರೆಯನ್ನು ಅವಳೇ ಕಾದಿದ್ದಳು. ಚಲುವರಾಜು ಚನ್ನಬಸವಣ್ಣನ ಟ್ರ್ಯಾಕ್ಟರಿಗೆ ಡ್ರೈವರು. ಸ್ವಂತ ಹೊಲಕ್ಕೆ ಇಳಿದದ್ದು ಕಡಿಮೆ. ಸಸಿ ನೆಟ್ಟವಳು ಅವಳು. ಬುಡಕ್ಕೆ ಮಣ್ಣು ಕೊಟ್ಟವಳು ಅವಳು. ಇಬ್ಬನಿ ಹಿಡಿದ ಹೊಗೆಸೊಪ್ಪನ್ನು ಬೆಳಗಿನ ಜಾವ ಮುರಿದರೆ ತಲೆ ಗಿರ್ರನೆ ತಿರುಗುತ್ತದೆ, ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರುತ್ತದೆ. ಅವಳು ಬದುವಿನ ಮೇಲೆ ಕಕ್ಕಿ, ಬಾಯಿ ಮುಕ್ಕಳಿಸಿ, ಮತ್ತೆ ಮುರಿಯುತ್ತಿದ್ದಳು. ಮುರಿದದ್ದನ್ನು ಹೊತ್ತು ತಂದು ಕಡ್ಡಿಗೆ ಕಟ್ಟುತ್ತಿದ್ದಳು. ಸ್ವಂತ ಸೊಪ್ಪು ಮುಗಿದರೆ ಚನ್ನಬಸವಣ್ಣನ ಸೊಪ್ಪು. ಕೈಗೆ ಹತ್ತಿದ ಅಂಟು ಬೂದಿ ಹಾಕಿ ಉಜ್ಜಿದರೂ ಹೋಗುತ್ತಿರಲಿಲ್ಲ. ಮುದ್ದೆ ಮುರಿದರೆ ಮುದ್ದೆಯೂ ಕಹಿ. ಅಪ್ಪನಿಗೆ ಉಬ್ಬಸ ಹತ್ತಿ ಹಾಸಿಗೆ ಹಿಡಿದಾಗ ಅದೇ ಕೈಯಲ್ಲಿ ಅವನ ಹೇಲು ಉಚ್ಚೆ ಬಳಿದಳು. ಸಾಯುವಾಗ ಕುಳ್ಳಯ್ಯ ಹೇಳಿದ್ದು ಒಂದೇ ಮಾತು. "ಚಲುವನ ಕೈ ಬುಡಬ್ಯಾಡಿ."

ಬಿಟ್ಟಿರಲಿಲ್ಲ. ಅದಕ್ಕೇ ಜೀಪಿನಲ್ಲಿ ಕೂತಿದ್ದಳು.

ಲಕ್ಷ್ಮಣತೀರ್ಥದ ಸೇತುವೆ ದಾಟಿ, ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನ ಮುಂದೆ ಜೀಪು ನಿಂತಿತು. ಚನ್ನಬಸವಣ್ಣ ಒಂದು ಟೇಬಲಿಗೆ ಕೂತ. ಅಕ್ಕಂದಿರನ್ನು ಗೋಡೆ ಕಡೆಯ ಇನ್ನೊಂದು ಟೇಬಲಿಗೆ ಕೂರಿಸಿದ. ಚಲುವರಾಜು ಎಲ್ಲಿ ಕೂರಬೇಕೆಂದು ತಿಳಿಯದೆ ಬುದ್ಧಿಯವರ ಪಕ್ಕದಲ್ಲಿ ನಿಂತೇ ಕಾಫಿ ಕುಡಿದ.

"ಏನ್ ಬೇಕೋ ತಿನ್ರವ್ವ," ಅಂದ ಚನ್ನಬಸವಣ್ಣ.

ಮೂವರೂ ಮಸಾಲೆ ದೋಸೆ ತಿಂದರು. ಆಮೇಲೆ ಜಾಮೂನು. ಸುನಂದಮ್ಮನ ಚಮಚದಿಂದ ಜಾಮೂನು ಜಾರಿ ಭದ್ರಮ್ಮನ ಹೊಸ ಸೀರೆಯ ಮಡಿಲಿಗೆ ಬಿತ್ತು. ಭದ್ರಮ್ಮ ಅತ್ತ ಇತ್ತ ನೋಡಿ ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. ಚಿಕ್ಕತಾಯಿಗೆ ನಗು ತಡೆಯಲಾಗದೆ ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತಿತು. ಮೂಗು ಒರೆಸಿಕೊಳ್ಳುತ್ತಿದ್ದಾಗಲೇ ಆಚೆ ಟೇಬಲಿನ ಮಾತು ಕಿವಿಗೆ ಬಿತ್ತು.

"ಮಾರೋ ಅಂಗಿಲ್ಲ, ಸರಿ," ಅನ್ನುತ್ತಿದ್ದ ಚನ್ನಬಸವಣ್ಣ. "ಇಪ್ಪತ್ತು ವರ್ಷಕ್ಕೆ ಗುತ್ತಿಗೆ ಅಂತ ಬರ್ಕೊಡು. ಒಬ್ಬನ ಹೆಸ್ರಲ್ಲಿದ್ರೆ ಒಬ್ಬನ ಸಹಿ ಸಾಕು. ಬರೋ ವರ್ಷ ಅಲ್ಲೇ ಇನ್ನೆರಡು ಬ್ಯಾರನ್ ಎಬ್ಬಿಸ್ತೀನಿ."

"ಚಿಕ್ಕಕ್ಕ ಅಲ್ಲಿ ಸೊಪ್ಪು ಹಾಕವ್ಳೆ ಬುದ್ಧಿ," ಅಂದ ಚಲುವರಾಜು.

"ಅವಳೆಲ್ಲಿ ಹೋಗ್ತಾಳೆ. ಅಲ್ಲೇ ಕೂಲಿಗೆ ಬತ್ತಾಳೆ ಬಿಡು."

ಚಿಕ್ಕತಾಯಿಯ ನಗು ನಿಂತಿತು. ತನ್ನ ಸೊಪ್ಪಿನ ಹೊಲಕ್ಕೆ ತಾನೇ ಕೂಲಿಗೆ. ಆದರೆ ಅವಳು ಏನು ತಾನೇ ಹೇಳಬಲ್ಲಳು. ಹೊಲ ತಮ್ಮನದು. ಅವನು ಯಾರಿಗಾದರೂ ಕೊಡಬಹುದು. ಉಳಿದ ಜಾಮೂನನ್ನು ಸುನಂದಮ್ಮನ ಕಡೆ ಸರಿಸಿದಳು.

ಪತ್ರ ಬರೆಯುವ ಮಹದೇವಪ್ಪನ ಅಂಗಡಿ ನೋಂದಣಿ ಕಚೇರಿಯ ಎದುರಿಗೇ ಇತ್ತು. ಪತ್ರ ಮೊದಲೇ ಟೈಪ್ ಆಗಿತ್ತು. ಮಹದೇವಪ್ಪ ಗಡಿಯಾರ ನೋಡಿದ. "ಸಹಿ, ಹೆಬ್ಬೆಟ್ಟು ಎಲ್ಲ ಸಾಹೇಬರ ಮುಂದೇನೇ ಹಾಕ್ಸೋಣ. ಅವರು ಊಟಕ್ಕೆ ಎದ್ದುಬಿಡ್ತಾರೆ. ಒಂದು ಸಲ ಓದಿಬಿಡ್ತೀನಿ. ಓದಿ ಹೇಳ್ದೆ ಕಳಿಸೋದಿಲ್ಲ ನಾನು," ಅಂದು ಒಂದೇ ಉಸಿರಿಗೆ ಓದತೊಡಗಿದ.

"...ನಮ್ಮ ತಂದೆಯವರಾದ ಕುಳ್ಳಯ್ಯನವರು ಮರಣ ಹೊಂದಿದ ತರುವಾಯ ಷೆಡ್ಯೂಲ್ ಸ್ವತ್ತಿನಲ್ಲಿ ನಮಗೆ ಸಮನಾಗಿ ಪ್ರಾಪ್ತವಾಗಿರುವ ಹಕ್ಕುಭಾಗವನ್ನು, ಅರಿಶಿನ ಕುಂಕುಮದ ಬಾಬ್ತು ತಲಾ ಒಂದೊಂದು ಸೀರೆಯನ್ನು ಪಡೆದು, ಯಾರ ಬಲವಂತವೂ ಇಲ್ಲದೆ, ಸಂತೋಷದಿಂದ ನಮ್ಮ ಸಹೋದರನಿಗೆ ಬಿಟ್ಟುಕೊಟ್ಟಿರುತ್ತೇವೆ. ಇನ್ನು ಮುಂದೆ ನಮಗಾಗಲೀ ನಮ್ಮ ಮಕ್ಕಳಿಗಾಗಲೀ..."

ಚಿಕ್ಕತಾಯಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದಳು. ಕೈ ಎತ್ತಿದಳು, ಇಸ್ಕೂಲಿನಲ್ಲಿ ಎತ್ತುವಂತೆ. "ಸಾ, ಅದೇನೋ ಅಂದ್ರಲ್ಲ. ನಮಗೆ ಪ್ರಾಪ್ತ."

"ಪ್ರಾಪ್ತವಾಗಿರುವ ಹಕ್ಕುಭಾಗ."

"ಅಂಗಂದ್ರೆ?"

"ಅಂದ್ರೆ ನಿಮ್ಮ ಪಾಲು ಕಣಮ್ಮ. ನಾಲ್ಕು ಜನ ಮಕ್ಕಳು. ಎರಡು ಎಕರೆ. ತಲಾ ಇಪ್ಪತ್ತು ಗುಂಟೆ."

"ನಮ್ದು?"

"ನಿಮ್ದೇ."

"ಎಣ್ಣುಮಕ್ಳದೂವೆ?"

ಮಹದೇವಪ್ಪ ಕನ್ನಡಕ ಮೇಲೆ ಸರಿಸಿ ಅವಳನ್ನು ನೋಡಿದ. "ಅಲ್ಲಮ್ಮ, ಇದ್ರೆ ತಾನೆ ಬಿಟ್ಟುಕೊಡೋದು? ಇಲ್ಲದೆ ಇರೋದನ್ನ ಬಿಡಕ್ಕೆ ಪತ್ರ ಯಾಕೆ ಬರೀಬೇಕು ನಾನು?"

ಚಲುವರಾಜು ನಡುವೆ ಬಾಯಿ ಹಾಕಿದ. "ಅದೆಲ್ಲ ಬರವಣಿಗೆ ಅಕ್ಕ. ಅಂಗೇ ಬರೀಬೇಕು. ಟೈಮಾಯ್ತು ನಡೀರಿ." ಚನ್ನಬಸವಣ್ಣ ಮಹದೇವಪ್ಪನ ಕಡೆ ಕಣ್ಣು ಬಿಟ್ಟ. ಮಹದೇವಪ್ಪ ಪತ್ರ ಮಡಿಸಿದ.

ಅಂಗಡಿಯಿಂದ ಕಚೇರಿಗೆ ರಸ್ತೆ ದಾಟಬೇಕಿತ್ತು. ಮೂವತ್ತು ಹೆಜ್ಜೆ. ಆ ಮೂವತ್ತು ಹೆಜ್ಜೆಯಲ್ಲಿ ಚಿಕ್ಕತಾಯಿಯ ತಲೆ ತಿರುಗಿತು. ಇಬ್ಬನಿ ಸೊಪ್ಪು ಮುರಿದಾಗಿನ ತಿರುಗುವಿಕೆಯಲ್ಲ ಅದು. ಕಾಲಡಿ ನೆಲ ಹಗುರಾಯಿತು. ನಂದು. ಅಪ್ಪ ಸತ್ತ ದಿನದಿಂದ ನಂದು. ಎಂಟು ತಿಂಗಳಿಂದ ನನ್ನ ನೆಲದಲ್ಲೇ ನಾನು ಕಳೆ ಕಿತ್ತಿದ್ದೀನಿ, ನನಗೇ ಗೊತ್ತಿಲ್ಲ. ನನ್ನ ಬದುವಿನ ಮೇಲೇ ಕಕ್ಕಿದ್ದೀನಿ. ನನ್ನ ಹೊಲದಿಂದ ಬರುವಾಗ ತಮ್ಮನ ಹೆಂಡತಿ ಸವಿತಾ "ನಮ್ಮ ಹೊಲದಲ್ಲಿ ಸಾರಿಗೆ ಸೊಪ್ಪು ಕಿತ್ಕಂಡ್ಯಾ" ಅಂತ ಕೇಳಿದಾಗ ಕಳ್ಳಿಯ ಹಾಗೆ ಮಡಿಲು ತೋರಿಸಿದ್ದೀನಿ. ನನ್ನ ಸೊಪ್ಪನ್ನು. ನನ್ನ ಮಡಿಲಲ್ಲಿ.

ಕಿಸಕ್ಕನೆ ನಕ್ಕಳು. ಎದುರಿಗೆ ಬಂದ ಸೈಕಲ್ಲಿನವನು ಗಂಟೆ ಹೊಡೆದ.

ಕಚೇರಿಯಲ್ಲಿ ಜನ ತುಂಬಿದ್ದರು. ಇವರ ಸರದಿ ಬಂತು. ಸಾಹೇಬರು ವಯಸ್ಸಾದವರು, ದನಿ ಸಣ್ಣದು. ಭದ್ರಮ್ಮ ಚಿಕ್ಕತಾಯಿಯನ್ನು ಮುಂದಕ್ಕೆ ನೂಕಿದಳು. "ನೀನು ಓದಿರೋಳು. ನೀನೇ ಮೊದಲು ಓಗು."

ಗುಮಾಸ್ತ ಅವಳ ಎಡಗೈ ಹೆಬ್ಬೆರಳು ಹಿಡಿದು ಇಂಕಿನ ಪ್ಯಾಡಿಗೆ ಒತ್ತಿದ. ಒಂದು ರದ್ದಿ ಕಾಗದದ ಮೇಲೆ ಪರೀಕ್ಷೆಗೆಂದು ಒತ್ತಿಸಿ ನೋಡಿದ. ಕರೀ ಚುಕ್ಕೆ ಬಿತ್ತು. ಗೆರೆ ಒಂದೂ ಮೂಡಲಿಲ್ಲ. ಮತ್ತೆ ಒತ್ತಿಸಿದ. ಮತ್ತೆ ಚುಕ್ಕೆ.

"ಏನಮ್ಮ ಇದು ಬೆರಳು? ಟಾರು ಬಳಿದಂಗಿದೆ."

"ಸೊಪ್ಪಿನ ಅಂಟು ಸಾ."

"ಗೆರೆಗಳೇ ಇಲ್ವಲ್ಲ. ಸವೆದು ಹೋಗಿದೆ. ಹೊರಗಡೆ ನಲ್ಲಿ ಇದೆ, ಚೆನ್ನಾಗಿ ಉಜ್ಜಿಕೊಂಡು ಬಾ. ನೀವಿಬ್ಬರೂ ತೊಳ್ಕೊಂಡು ಬನ್ನಿ."

ಮೂವರೂ ಹೊರಗೆ ಹೋದರು. ಚಲುವರಾಜು ಹಿಂದೆ ಹೊರಟ. "ಎಂಗಸ್ರು ಕೈ ತೊಳಿಯೋದಕ್ಕೂ ನೀನು ಬೇಕೇನ್ಲಾ," ಅಂದಳು ಭದ್ರಮ್ಮ. ಅವನು ಬಾಗಿಲಲ್ಲೇ ನಿಂತ.

ನಲ್ಲಿ ಗೋಡೆಯ ಮರೆಯಲ್ಲಿತ್ತು. ಚಿಕ್ಕತಾಯಿ ಹೆಬ್ಬೆರಳನ್ನು ಕಲ್ಲಿಗೆ ಉಜ್ಜಿದಳು. ಇಂಕು ಹೋಯಿತು. ಅಂಟು ಹೋಗಲಿಲ್ಲ. ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದಳು. ನಿಜ, ಗೆರೆಗಳಿರಲಿಲ್ಲ. ಎಲ್ಲ ಆ ಎರಡು ಎಕರೆಯಲ್ಲಿ, ಚನ್ನಬಸವಣ್ಣನ ಬ್ಯಾರನ್ನಿನಲ್ಲಿ ಸವೆದಿದ್ದವು. ಬೆರಳನ್ನು ತಿಂದವರು ಈಗ ಗುರುತು ಕೇಳುತ್ತಿದ್ದರು.

"ದೊಡ್ಡಕ್ಕ," ಅಂದಳು. "ಹೋಟ್ಲಲ್ಲಿ ಕೇಳಿಸ್ಕಂಡೆ. ಜಮೀನು ಚಲುವನಿಗೆ ಇರಾಕಿಲ್ಲ. ಬುದ್ಧಿಯೋರು ಇಪ್ಪತ್ತು ವರ್ಸಕ್ಕೆ ಗುತ್ತಿಗೆ ತಕತಾರೆ. ಬ್ಯಾರನ್ ಕಟ್ತಾರೆ. ನಾನು ಅಲ್ಲಿಗೆ ಕೂಲಿಗೆ ಹೋಗ್ಬೇಕು."

ಭದ್ರಮ್ಮನ ಮುಖ ಗಟ್ಟಿಯಾಯಿತು. "ಅದಕ್ಕಾ ಜೀಪು?"

"ಅದಕ್ಕೇ. ಅದು ಬುಡು. ಇನ್ನೊಂದು ಕೇಳು. ಅದು ನಮ್ದಂತೆ. ಈಗಾಗ್ಲೇ ನಮ್ದಂತೆ ಕಣಕ್ಕ. ನಂದು ಇಪ್ಪತ್ತು ಗುಂಟೆ, ನಿಂದು ಇಪ್ಪತ್ತು, ಸುನಂದಕ್ಕಂದು ಇಪ್ಪತ್ತು. ಅವನದು ಬರೀ ಇಪ್ಪತ್ತು."

"ಅಂಗಂತ ಯಾರಂದ್ರು?"

"ಅವನು ಬರ್ಸಿರೋ ಪತ್ರದಲ್ಲೇ ಬರದದೆ."

ಭದ್ರಮ್ಮ ಬೆರಳು ಮಡಿಸಿ ಏನೋ ಲೆಕ್ಕ ಮಾಡಿದಳು. "ಅಂದ್ರೆ ನಾವು ಮೂರು ಜನ ಒಂದೂವರೆ ಎಕರೆ. ಅವನು ಅರ್ಧ."

"ಹೂ."

"ಅಂದ್ರೆ ಇಷ್ಟು ದಿನ ಅವನು ನಮ್ಮ ಜಮೀನಲ್ಲಿ ಇದ್ನಾ?"

ಅಷ್ಟೇ. ಭದ್ರಮ್ಮ ನಗಲು ಶುರುಮಾಡಿದಳು. ಅವಳ ನಗು ಹೊಟ್ಟೆಯಿಂದ ಬರುವಂಥದ್ದು. ಮೈಯೆಲ್ಲ ಕುಲುಕಿತು. ಮೊದಲೇ ಜಾರುತ್ತಿದ್ದ ಸೀರೆಯ ನೆರಿಗೆ ಕಳಚಿಕೊಂಡಿತು. ಅವಳು ಎರಡೂ ಕೈಯಲ್ಲಿ ಅದನ್ನು ಹಿಡಿದು ಕುಕ್ಕರುಗಾಲಿನಲ್ಲಿ ಕೂತಳು. ಚಿಕ್ಕತಾಯಿ ನಲ್ಲಿಗೆ ಅಡ್ಡ ಕೈ ಹಿಡಿದು ಅವಳ ಮುಖಕ್ಕೆ ನೀರು ಚಿಮ್ಮಿಸಿದಳು. ಮೂವತ್ತನಾಲ್ಕು ವರ್ಷದ ಹೆಂಗಸು. ಚಿಕ್ಕಂದಿನಲ್ಲೂ ಹಾಗೆ ಆಡಿದ ನೆನಪಿರಲಿಲ್ಲ.

ಸುನಂದಮ್ಮ ಮಾತ್ರ ಅಳುತ್ತಿದ್ದಳು. ನಗುತ್ತಲೂ ಇದ್ದಳು. "ಒತ್ತದೆ ಇದ್ರೆ ತವರಿನ ಬಾಗ್ಲು ಮುಚ್ತಾನೆ ಕಣೆ. ಆಮೇಲೆ ನಾನು ಎಲ್ಲಿಗೆ ಬರ್ಲಿ?"

"ನನ್ನ ತಾವ ಬಾ," ಅಂದಳು ಚಿಕ್ಕತಾಯಿ. "ನಿನ್ನ ಹೊಲದ ಪಕ್ಕದಲ್ಲೇ ಇರ್ತೀನಿ."

"ನಿನ್ನ ಹೊಲ" ಅನ್ನುವ ಮಾತು ಕೇಳಿ ಸುನಂದಮ್ಮನಿಗೆ ಬಿಕ್ಕಳಿಕೆ ಹತ್ತಿತು.

ಮೂವರೂ ತೊಯ್ದು ತೊಪ್ಪೆಯಾಗಿ ಒಳಗೆ ಬಂದರು. ಹಸಿರು ಸೀರೆಯ ಬಣ್ಣ ಬಿಟ್ಟು ಕಾಲಿನ ಮೇಲೆ ಇಳಿಯುತ್ತಿತ್ತು. ಜನ ದಾರಿ ಬಿಟ್ಟರು. ಸಾಹೇಬರು ಪತ್ರ ನೋಡಿ, ಕೇಳಬೇಕಾದದ್ದನ್ನು ಕೇಳಿದರು.

"ಇದರಲ್ಲಿ ಬರೆದಿರುವುದು ನಿಮಗೆ ತಿಳಿದಿದೆಯಾ?"

"ಈಗ ತಿಳೀತು ಸಾ," ಅಂದಳು ಚಿಕ್ಕತಾಯಿ.

"ನಿಮ್ಮ ಪಾಲನ್ನು ಸಂತೋಷದಿಂದ ತಮ್ಮನಿಗೆ ಬಿಟ್ಟುಕೊಡ್ತಾ ಇದೀರಾ?"

ಸಂತೋಷದಿಂದ ಅನ್ನುವ ಮಾತಿಗೆ ಹಿಂದಿನಿಂದ ಭದ್ರಮ್ಮ ಬುಸ್ ಅಂದಳು. ಸುನಂದಮ್ಮ ಬಿಕ್ಕಿದಳು. ಚಿಕ್ಕತಾಯಿ ಕೆಳದುಟಿ ಕಚ್ಚಿದಳು. ಆಗಲಿಲ್ಲ. ಇಡೀ ಕಚೇರಿ ತಿರುಗಿ ನೋಡುವ ಹಾಗೆ ನಕ್ಕಳು. ಕಣ್ಣಲ್ಲಿ ನೀರು ಬಂತು. ಗುಮಾಸ್ತ ಪೆನ್ನು ಕೆಳಗಿಟ್ಟ.

"ಇದೇನು ನಾಟಕದ ಮನೆಯಾ?" ಸಾಹೇಬರು ರೇಗಿದರು. "ಹೌದೋ ಅಲ್ಲವೋ ಹೇಳಿ."

"ಇಲ್ಲ ಸಾ."

ನಗು ನಿಂತಿತ್ತು. ದನಿ ಅವಳಿಗೇ ಹೊಸದಾಗಿ ಕೇಳಿಸಿತು.

"ಬಿಟ್ಟುಕೊಡಾಕಿಲ್ಲ. ಸಂತೋಷ ಆಗ್ಯದೆ, ಅದು ಬೇರೆ ವಿಷಯಕ್ಕೆ. ನಾನು ಹನ್ನೆರಡು ವರ್ಸ ಗೇದಿವ್ನಿ. ಗೇಯದೆ ಇದ್ರೂವೆ ನಂದೇ ಅಂತೆ. ಇನ್ನೇನು. ನಾನು ಕೊಡಾಕಿಲ್ಲ."

"ನಾನೂ ಕೊಡಾಕಿಲ್ಲ ಸಾ," ಅಂದಳು ಭದ್ರಮ್ಮ, ಸೀರೆ ಹಿಡಿದುಕೊಂಡೇ.

ಸಾಹೇಬರು ಸುನಂದಮ್ಮನನ್ನು ನೋಡಿದರು. ಅವಳು ತಮ್ಮನನ್ನು ನೋಡಿದಳು. ಬಿಕ್ಕಳಿಕೆಯ ನಡುವೆ ತಲೆ ಅಡ್ಡ ಆಡಿಸಿದಳು. ಒಂದು ಸಲ. ಆಮೇಲೆ ಇನ್ನೂ ಜೋರಾಗಿ.

"ಬರೆದುಕೊಡುವವರೇ ಒಪ್ಪದ ಪತ್ರ ನಾನು ನೋಂದಣಿ ಮಾಡುವುದಿಲ್ಲ," ಅಂದರು ಸಾಹೇಬರು. "ಮುಂದಿನವರು ಬನ್ನಿ."

ಮೆಟ್ಟಿಲ ಕೆಳಗೆ ಚಲುವರಾಜು ಅವಳನ್ನು ಅಡ್ಡ ಹಾಕಿದ. ಕಿವಿ ಕೆಂಪಗಾಗಿದ್ದವು. "ನನ್ನ ಮಾನ ಕಳೆದಲ್ಲೇ ಬಿಟ್ಟಿ ಕೂಳಿನ ಮುಂಡೆ," ಅಂದ. ಕೈ ಎತ್ತಿದ. ಚಿಕ್ಕತಾಯಿ ಆ ಕೈಯನ್ನು ಗಾಳಿಯಲ್ಲೇ ಹಿಡಿದಳು. ಸೊಪ್ಪಿನ ಕಡ್ಡಿಗಳನ್ನು ಬ್ಯಾರನ್ನಿನ ಅಟ್ಟಕ್ಕೆ ಎತ್ತಿ ಎತ್ತಿ ಬಲಿತ ಕೈ ಅವಳದು. ಅವನು ಬಿಡಿಸಿಕೊಳ್ಳಲು ನೋಡಿದ. ಆಗಲಿಲ್ಲ.

"ಬಿಟ್ಟಿ ಕೂಳು ತಿಂದೋರು ಯಾರು ಅಂತ ಈಗ ಗೊತ್ತಾಯ್ತಲ್ಲ," ಅಂದಳು. "ಸೊಂಟದ ಮೇಲೆ ಒತ್ಕಂಡು ಸಾಕಿವ್ನಿ ನಿನ್ನ. ಒಡೆಯಾಕೆ ಬರಬ್ಯಾಡ. ನಿನ್ನ ಇಪ್ಪತ್ತು ಗುಂಟೆ ನಿಂಗೇ ಇರ್ಲಿ. ಅದರ ಮೇಲೆ ನಂಗೆ ಆಸೆ ಇಲ್ಲ."

ಚನ್ನಬಸವಣ್ಣ ಜೀಪಿನಲ್ಲಿ ಕೂತು ಕಾಯುತ್ತಿದ್ದ. ವಿಷಯ ಆಗಲೇ ಮುಟ್ಟಿತ್ತು. "ನಾಳೆಯಿಂದ ನನ್ನ ಬ್ಯಾರನ್ ಹತ್ರ ಕಾಲಿಡಬ್ಯಾಡ," ಅಂದ. "ಊರಲ್ಲಿ ಯಾರ ಹತ್ರ ಕೂಲಿ ಸಿಕ್ತದೋ ನೋಡ್ತೀನಿ."

"ಸರಿ ಚನ್ನಬಸವಣ್ಣ," ಅಂದಳು ಚಿಕ್ಕತಾಯಿ.

ಬುದ್ಧಿ ಅನ್ನಲಿಲ್ಲ. ಬೇಕೆಂದೇ ಬಿಟ್ಟದ್ದಲ್ಲ. ಬಾಯಿಗೆ ಬರಲಿಲ್ಲ. ಅವನ ಮುಖ ಕಪ್ಪಿಟ್ಟಿತು. ಚಲುವರಾಜುವನ್ನು ಹತ್ತಿಸಿಕೊಂಡು ಜೀಪು ಧೂಳೆಬ್ಬಿಸಿ ಹೋಯಿತು. ಅಕ್ಕತಂಗಿಯರು ರಸ್ತೆ ಬದಿಯಲ್ಲಿ ನಿಂತು, ಬಸ್ಸಿಗೆ ಯಾರ ಹತ್ತಿರ ಏನಿದೆ ಎಂದು ಸೆರಗಿನ ಗಂಟು ಬಿಚ್ಚಿ ನೋಡಿಕೊಂಡರು. ಬಸ್ ಸ್ಟ್ಯಾಂಡಿನವರೆಗೆ ಒಬ್ಬರ ಭುಜ ಒಬ್ಬರು ಹಿಡಿದು, ಹೋಗುವವರಿಗೆ ಡಿಕ್ಕಿ ಹೊಡೆಯುತ್ತ ನಡೆದರು. ಕುಡಿದಿದ್ದಾರೆ ಅಂದುಕೊಂಡ ಒಬ್ಬ ಕಂಡಕ್ಟರು ಹತ್ತಿಸಿಕೊಳ್ಳಲಿಲ್ಲ. ಅದಕ್ಕೂ ನಕ್ಕರು.

ಊರಲ್ಲಿ ನಗುವಂಥದ್ದೇನೂ ಇರಲಿಲ್ಲ. ಚಿಕ್ಕತಾಯಿ ಮನೆ ಮುಟ್ಟುವ ಹೊತ್ತಿಗೆ ಅವಳ ಟ್ರಂಕು ಬೀದಿಯಲ್ಲಿತ್ತು. ಸವಿತಾ ಬಾಗಿಲಿಗೆ ಅಡ್ಡ ನಿಂತಿದ್ದಳು. "ಪಾಲು ಬೇಕಂತಲ್ಲ, ಪಾಲಲ್ಲೇ ಮಲಗು," ಅಂದಳು. ಚಿಕ್ಕತಾಯಿ ಟ್ರಂಕು ತಲೆ ಮೇಲೆ ಇಟ್ಟುಕೊಂಡು ಹೊಲಕ್ಕೆ ಹೋದಳು. ಕೇರಿಯ ನಾಲ್ಕು ಮನೆಯ ಹೆಂಗಸರು ಗಳ, ಹುಲ್ಲು ಹೊತ್ತು ತಂದರು. ಎರಡು ದಿನದಲ್ಲಿ ಗುಡಿಸಲೆದ್ದಿತು. ಊರಿನ ಯಾವ ಬ್ಯಾರನ್ನಿನಲ್ಲೂ ಅವಳಿಗೆ ಕೆಲಸ ಸಿಗಲಿಲ್ಲ. ಅಂಗಡಿಯವನು ಉಪ್ಪು ಕೊಡಲು ಹಿಂದೆ ಮುಂದೆ ನೋಡಿದ. ಅವಳು ಬೆಳಿಗ್ಗೆ ಬಸ್ಸು ಹತ್ತಿ ಪಿರಿಯಾಪಟ್ಟಣದ ಕಡೆ ಶುಂಠಿ ಕೀಳಲು ಹೋದಳು. ಹಸಿದು ಮಲಗಿದ ದಿನಗಳೂ ಇದ್ದವು. ಅಂಥ ದಿನ ಹೊರಗೆ ಬಂದು ಹೊಲದ ಉದ್ದಕ್ಕೆ ಒಮ್ಮೆ, ಅಗಲಕ್ಕೆ ಒಮ್ಮೆ ನಡೆಯುತ್ತಿದ್ದಳು. ಹೊಟ್ಟೆ ತುಂಬುತ್ತಿರಲಿಲ್ಲ. ಆದರೂ ನಡೆಯುತ್ತಿದ್ದಳು.

ನಾಲ್ಕು ಮಕ್ಕಳ ಹೆಸರೂ ಖಾತೆಗೆ ಸೇರಿಸಿ ಎಂದು ಅವಳು ಅರ್ಜಿ ಕೊಟ್ಟಳು. ಬರೆದುಕೊಟ್ಟವನು ಮಹದೇವಪ್ಪನೇ. "ಯಾರಿಗಾದರೂ ಬರೆಯೋದೇ ನನ್ನ ಕಸುಬು," ಅಂದ. ಚಲುವರಾಜು ತಕರಾರು ಹಾಕಿದ. ವಿಚಾರಣೆಯ ದಿನ ಭದ್ರಮ್ಮ ಗಂಡನ ಬೈಗುಳ ತಿಂದು ಬಂದಳು. ಸುನಂದಮ್ಮ ಗಂಡನನ್ನೇ ಕರೆದುಕೊಂಡು ಬಂದಳು. ಅಧಿಕಾರಿ ಚಲುವರಾಜುವನ್ನು ಕೇಳಿದರು. "ಇವರು ಯಾರಪ್ಪ?"

"ಅಕ್ಕಂದಿರು ಸಾ."

"ಕುಳ್ಳಯ್ಯನ ಮಕ್ಕಳೇ?"

"ಹೌದು ಸಾ."

"ಮತ್ತೆ ತಕರಾರು ಏನು?"

ಚಲುವರಾಜು ಅಕ್ಕಂದಿರ ಕಡೆ ಕೈ ತೋರಿಸಿದ. "ಎಣ್ಣುಮಕ್ಳು ಸಾ," ಅಂದ. ಅಲ್ಲಿದ್ದ ಗುಮಾಸ್ತೆ ಹೆಂಗಸು ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಅವನು ಅಲ್ಲಿಗೇ ನಿಲ್ಲಿಸಿದ.

ಮುಂದಿನ ಮುಂಗಾರಿನ ಹೊತ್ತಿಗೆ ಕಂಪ್ಯೂಟರ್ ಪಹಣಿಯಲ್ಲಿ ನಾಲ್ಕು ಹೆಸರು ಬಂದವು. ಒಬ್ಬನ ಸಹಿಗೆ ಸಿಗದ ಜಮೀನು ಚನ್ನಬಸವಣ್ಣನಿಗೆ ಬೇಡವಾಯಿತು. ಬೇರೆ ಕಡೆ ಹುಡುಕಿಕೊಂಡ. ಆಮೇಲೆ ಚಲುವರಾಜುವೂ ಅಳತೆಗೆ ಒಪ್ಪಿದ. ಸರ್ವೆಯವರು ಬಂದು ಸರಪಳಿ ಹಿಡಿದರು. ಅವನು ಮಾತಾಡದೆ ತನ್ನ ತುದಿಯಲ್ಲಿ ನಿಂತು, ಕಲ್ಲು ನೆಟ್ಟ ಮೇಲೆ ಹೊರಟುಹೋದ. ಮಾತು ಆಮೇಲೂ ಇರಲಿಲ್ಲ. ಅಕ್ಕಂದಿರಿಬ್ಬರೂ ತಮ್ಮ ಪಾಲನ್ನು ಚಿಕ್ಕತಾಯಿಗೆ ವಾರಕ್ಕೆ, ಬೆಳೆಯಲ್ಲಿ ಪಾಲು ಕೊಡುವ ಮಾತಿನ ಮೇಲೆ, ಬಿಟ್ಟರು. ಅವಳು ಹೊಗೆಸೊಪ್ಪು ಹಾಕಲಿಲ್ಲ. ರಾಗಿ ಹಾಕಿದಳು, ನಡುವೆ ಅವರೆ ಸಾಲು.

ಅವರೆ ಹೂ ಬಿಡುವ ಕಾಲದಲ್ಲಿ ಒಂದು ಮಧ್ಯಾಹ್ನ ಸವಿತಾ ಬಂದಳು. ಬದುವಿನ ಆಚೆಗೇ ನಿಂತಳು. ಚಿಕ್ಕತಾಯಿ ಕಳೆ ಕೀಳುವುದನ್ನು ನಿಲ್ಲಿಸಲಿಲ್ಲ.

"ಅತ್ಗೆ," ಅಂದಳು ಸವಿತಾ. ವರ್ಷದ ಮೇಲೆ ಮೊದಲ ಸಲ. "ನಮ್ಮಪ್ಪ ತೀರ್ಕಂಡ್ರಲ್ಲ ಹೋದ ತಿಂಗಳು."

"ಕೇಳ್ದೆ. ಬರಾಕೆ ಆಗ್ಲಿಲ್ಲ."

"ಮೂರು ಎಕರೆ ಅದೆ. ನಮ್ಮಣ್ಣದೀರು ಇಬ್ಬರೇ ಅಂಚ್ಕತಾ ಅವರಂತೆ. ನಂಗೆ ಒಂದು ಮಾತೂ ಇಲ್ಲ." ಸವಿತಾ ಬದುವಿನ ಹುಲ್ಲನ್ನು ಕಾಲಬೆರಳಿನಿಂದ ಕೆದಕಿದಳು. "ನಂಗೂ ಬತ್ತದಾ ಅಂತ ಕೇಳಾಕೆ ಬಂದೆ. ನಿಮ್ಮ ತಮ್ಮನೇ ಕಳ್ಸುದ್ರು. ಎಣ್ಣುಮಕ್ಳಿಗೂ ಸಮ ಪಾಲು ಅದೆ, ಕಾನೂನು ಅದೆ, ನಮ್ಮಕ್ಕನ ಕೇಳು, ಅವಳಿಗ್ ಎಲ್ಲ ಗೊತ್ತು ಅಂದ್ರು."

ಚಿಕ್ಕತಾಯಿ ಕುಡುಗೋಲು ಕೈಯಿಂದ ಬಿಟ್ಟಳು. ರಾಗಿಯ ನಡುವೆ ಧೊಪ್ಪನೆ ಕೂತಳು. ನಗು ಎಷ್ಟು ಬಂತೆಂದರೆ ದನಿಯೇ ಹೊರಡಲಿಲ್ಲ, ಭುಜ ಮಾತ್ರ ಅಲುಗಿತು. ಸವಿತಾ ಮೊದಲು ಮುಖ ಗಂಟಿಕ್ಕಿದಳು. ಆಮೇಲೆ ಅವಳ ಬಾಯಿಯೂ ಸೊಟ್ಟಗಾಯಿತು. ಸೆರಗು ಅಡ್ಡ ಹಿಡಿದಳು. ಕೊನೆಗೆ ಅವಳೂ ಬದು ದಾಟಿ ಬಂದು ಎದುರಿಗೆ ಕೂತಳು.

ಇಬ್ಬರೂ ಕಣ್ಣು ಒರೆಸಿಕೊಂಡಮೇಲೆ ಚಿಕ್ಕತಾಯಿ ಹೇಳಿದಳು. "ಬತ್ತದೆ. ಮೂರರಲ್ಲಿ ಒಂದು ಪಾಲು ನಿಂದು. ನಿಮ್ಮವ್ವ ಇಲ್ಲ ತಾನೆ?"

"ಅವ್ವ ಯಾವಾಗ್ಲೋ ಓದ್ಲು."

"ಅಂಗಾದ್ರೆ ಒಂದು ಎಕರೆ. ಚಲುವನಿಗೆ ಓಗಿ ಯೋಳು, ಕುಣೀಲಿ."

ಸವಿತಾ ಒಂದು ಕಳೆ ಕಿತ್ತು ಬೇರಿನ ಮಣ್ಣು ಉದುರಿಸಿದಳು. ಇನ್ನೊಂದು ಕಿತ್ತಳು.

"ಅವರು ಕುಣಿಯೋದು ಬ್ಯಾಡ ಅತ್ಗೆ," ಅಂದಳು. "ಬಂದ್ರೆ ನನ್ನ ಹೆಸರಿಗೇ ಇರ್ಲಿ. ನಿಮ್ಮ ತಮ್ಮನಿಗೆ ಬರ್ಕೊಡಾಕಿಲ್ಲ."

ಚಿಕ್ಕತಾಯಿ ಕುಡುಗೋಲು ಹುಡುಕಿ ಅವಳ ಕೈಗೆ ಕೊಟ್ಟಳು.

"ಈ ಸಾಲು ಮುಗಿಸು, ನಾನು ಆ ಕಡೆಯಿಂದ ಬತ್ತೀನಿ," ಅಂದಳು. "ಸೋಮವಾರ ಏಳು ಗಂಟೆ ಬಸ್ಸಿಗೆ ಮಹದೇವಪ್ಪನ ತಾವ ಓಗಾನ."